ತಿಂದದ್ದು ಮೈಗೆ ಹತ್ತುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು ಹೇಳುತ್ತವೆ. "ಎಷ್ಟು ತಿಂದರೂ ಮೈಗೆ ಹತ್ತಲ್ಲ." "ಮಾತ್ರೆ ನುಂಗ್ತಾನೇ ಇದ್ದೀನಿ, ರಿಪೋರ್ಟ್ ಮಾತ್ರ ಹಾಗೇ ಇದೆ." ನಾನು 28 ವರ್ಷ ಆಸ್ಪತ್ರೆಯೊಂದರ ಬಯೋಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೂತು ಬೇರೆಯವರ ರಕ್ತ ನೋಡಿದವಳು. ಡಾಕ್ಟರ್ ಅಲ್ಲ. ಯಾವ ಔಷಧಿ ತಗೊಳ್ಳಬೇಕು ಅನ್ನುವುದನ್ನು ನಿಮ್ಮ ಡಾಕ್ಟರ್ ಹೇಳಬೇಕು. ಬಾಯಿಗೆ ಹಾಕಿದ್ದು ಒಳಗೆ ಹೋಗಿ ಏನಾಗುತ್ತದೆ ಅನ್ನುವುದನ್ನು ನಾನು ಹೇಳುತ್ತೇನೆ. ಹಲವರು ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ದೇಹದಲ್ಲಿ ಇರೋದು ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ ಅಂತ ಪಾಠದಲ್ಲಿ ಬರುತ್ತೆ. ಅವೆಲ್ಲ ಗಾಳಿಯಲ್ಲಿ, ನೀರಲ್ಲಿ ಇವೆಯಲ್ಲ. ಮತ್ತೆ ಊಟ ಯಾಕೆ ಮಾಡಬೇಕು? ಕಬ್ಬಿಣ ಬೇಕು ಅಂದ್ರೆ ಕಬ್ಬಿಣದ ಪುಡಿ ತಿಂದ್ರೆ ಆಗಲ್ವಾ?

ನಿನ್ನ ಪತ್ರವನ್ನೇ ಮೊದಲು ಇಟ್ಟಿದ್ದೇನೆ. ಉಳಿದವರು ಕೇಳಿದ್ದರ ಬೇರೂ ಇಲ್ಲೇ ಇದೆ.

ಲೆಕ್ಕ ನೀನು ಹೇಳಿದ ಹಾಗೇ ಇದೆ. ತೂಕದಲ್ಲಿ ನೋಡಿದರೆ ನಮ್ಮ ದೇಹದ ನೂರು ಪಾಲಿನಲ್ಲಿ ಸುಮಾರು 65 ಆಮ್ಲಜನಕ, 18 ಇಂಗಾಲ, 10 ಜಲಜನಕ, 3 ಸಾರಜನಕ. ನಾಲ್ಕೇ ಸೇರಿ 96 ಆಯಿತು. ಉಳಿದ 4 ಪಾಲಿನಲ್ಲಿ ಕ್ಯಾಲ್ಸಿಯಂ, ರಂಜಕ, ಪೊಟ್ಯಾಸಿಯಂ, ಗಂಧಕ, ಸೋಡಿಯಂ, ಕ್ಲೋರಿನ್, ಮೆಗ್ನೀಸಿಯಂ, ಕಬ್ಬಿಣ, ಸತು, ಅಯೋಡಿನ್ ಎಲ್ಲ ಬಂದವು.

ಈಗ ಒಂದು ಸಲ ಉಸಿರೆಳೆದುಕೋ. ಎಳೆದುಕೊಂಡ ಗಾಳಿಯಲ್ಲಿ 78 ಪಾಲು ಸಾರಜನಕವೇ. ಅದು ಒಳಗೆ ಹೋದ ಹಾಗೇ ಹೊರಗೆ ಬರುತ್ತದೆ. ಒಂದು ಅಣುವೂ ನಮ್ಮ ಕೈಗೆ ಸಿಗಲ್ಲ. ಗಾಳಿಯಲ್ಲಿ ಸಾರಜನಕದ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಅದನ್ನು ಬಿಡಿಸುವ ಉಪಕರಣ ನಮ್ಮ ಯಾವ ಜೀವಕೋಶದಲ್ಲೂ ಇಲ್ಲ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳಿಗೆ ಅದು ಗೊತ್ತು. ಅವು ಬಿಡಿಸಿಕೊಟ್ಟದ್ದನ್ನು ಗಿಡ ತಗೊಂಡು ಪ್ರೋಟೀನ್ ಮಾಡುತ್ತದೆ. ಆ ಪ್ರೋಟೀನಿನ ರೂಪದಲ್ಲಿ ಬಂದರೆ ಮಾತ್ರ ನಮಗೆ ಸಾರಜನಕ ದಕ್ಕುತ್ತದೆ. ಇಂಗಾಲದ್ದೂ ಇದೇ ಕಥೆ. ಗಾಳಿಯಲ್ಲಿರುವ ಇಂಗಾಲ ಆಗಲೇ ಉರಿದು ಮುಗಿದದ್ದು, ಒಲೆಯ ಬೂದಿ ಇದ್ದ ಹಾಗೆ. ಗಿಡ ಬಿಸಿಲಿನ ಬಲದಿಂದ ಅದನ್ನು ಮತ್ತೆ ಸೌದೆ ಮಾಡುತ್ತದೆ. ನಾವು ಆ ಸೌದೆಯನ್ನು ತಿಂದು, ಒಳಗೆ ನಿಧಾನವಾಗಿ ಉರಿಸಿ, ಬದುಕುತ್ತೇವೆ.

ಕಬ್ಬಿಣದ ಪುಡಿಯ ವಿಷಯದಲ್ಲಿ ನೀನು ಹೇಳಿದ್ದು ಅರ್ಧ ಸರಿ! ಡಬ್ಬಿಯಲ್ಲಿ ಬರುವ ಕೆಲವು ಬೆಳಗಿನ ಸೀರಿಯಲ್‌ಗಳಿಗೆ ನಿಜವಾದ ಕಬ್ಬಿಣದ ನುಣ್ಣನೆ ಪುಡಿಯನ್ನೇ ಬೆರೆಸುತ್ತಾರೆ. ಅಂಥದ್ದನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕು. ಚೀಲದ ಹೊರಗಿನಿಂದ ಬಲವಾದ ಅಯಸ್ಕಾಂತವನ್ನು ನಿಧಾನವಾಗಿ ಎಳೆದರೆ ಕಪ್ಪು ಕಣಗಳು ಒಂದೆಡೆ ಸೇರುವುದು ಕಾಣುತ್ತದೆ. ಹೊಟ್ಟೆಯ ಆಮ್ಲ ಆ ಪುಡಿಯಲ್ಲಿ ಸ್ವಲ್ಪವನ್ನು ಕರಗಿಸುತ್ತದೆ. ಕರಗಿದ್ದಷ್ಟೇ ಲೆಕ್ಕಕ್ಕೆ. ಕರಗಿದ ಮೇಲೂ ಅದು ಯಾವ ರೂಪದಲ್ಲಿದೆ ಅನ್ನುವುದು ಮುಖ್ಯ. ಅದನ್ನು ಮುಂದಿನ ಪ್ರಶ್ನೆಯಲ್ಲಿ ಬಿಡಿಸಿ ಹೇಳುತ್ತೇನೆ, ತಪ್ಪದೆ ಓದು.

ಪ್ರಶ್ನೆ: ನನಗೆ 34 ವರ್ಷ. ಹಿಮೋಗ್ಲೋಬಿನ್ 9. ಐದು ತಿಂಗಳಿಂದ ದಿನಾ ಕಬ್ಬಿಣದ ಮಾತ್ರೆ ತಗೊಳ್ತಿದ್ದೀನಿ. ಒಂದು ದಿನವೂ ತಪ್ಪಿಸಿಲ್ಲ. ಏರಿದ್ದು ಅರ್ಧ ಪಾಯಿಂಟ್. ನನ್ನ ದೇಹದಲ್ಲೇ ಏನಾದ್ರೂ ದೋಷ ಇದೆಯಾ?

ನಿಮ್ಮ ಪತ್ರ ಓದಿ ನನ್ನದೇ ಹಳೆಯ ರಿಪೋರ್ಟ್ ನೆನಪಾಯಿತು. ನನಗಾಗ 37. ಹಿಮೋಗ್ಲೋಬಿನ್ 8.6. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಕಾಲು ಎಳೆತ. ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ನಾಲ್ಕು ತಿಂಗಳು ನುಂಗಿದೆ. ಬೆಳಗ್ಗೆ ಡ್ಯೂಟಿಗೆ ಹೋದ ಕೂಡಲೇ ಒಂದು ದೊಡ್ಡ ಲೋಟ ಟೀ, ಅದರ ಜೊತೆಗೇ ಮಾತ್ರೆ. ಮರೆಯಬಾರದು ಅಂತ ಹಾಗೆ ಅಭ್ಯಾಸ ಮಾಡಿಕೊಂಡಿದ್ದೆ. ನಾಲ್ಕು ತಿಂಗಳ ನಂತರ 8.9. ಅವತ್ತು ರಿಪೋರ್ಟ್ ಹಿಡಿದುಕೊಂಡು ಅತ್ತಿದ್ದೆ.

ಟೀ ಜೊತೆ ತಗೋಬೇಡ ಅಂತ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು. ಬಾಯಲ್ಲಿ ಹೇಳಿ ಬಿಡಲಿಲ್ಲ, ತೋರಿಸಿದರು. ಹಾಲು ಹಾಕದ ಟೀಯನ್ನು ಬೀಕರ್‌ಗೆ ಸುರಿದರು. ಮಾತ್ರೆಯೊಂದರ ಮೇಲಿನ ಬಣ್ಣದ ಪದರ ತೆಗೆದು, ಪುಡಿ ಮಾಡಿ, ಅದಕ್ಕೆ ಹಾಕಿ ಕಲಕಿದರು. ಕೆಂಪಗಿದ್ದ ಟೀ ನೋಡನೋಡುತ್ತಿದ್ದಂತೆ ಕಪ್ಪಾಯಿತು. ಅಂಚಿನಲ್ಲಿ ಸ್ವಲ್ಪ ನೀಲಿ ಛಾಯೆ. "ಇದು ಇಂಕು ಕಣೇ" ಅಂದರು. ಮಾತು ಅಕ್ಷರಶಃ ನಿಜ. ನೂರಾರು ವರ್ಷ ಜನ ಬರೆಯಲು ಬಳಸಿದ ಕಪ್ಪು ಶಾಯಿಯನ್ನು ಕಬ್ಬಿಣದ ಲವಣ ಮತ್ತು ಟ್ಯಾನಿನ್ ಸೇರಿಸಿಯೇ ಮಾಡುತ್ತಿದ್ದರು. ಟೀಯ ಒಗರು ಇದೇ ಜಾತಿಯ ವಸ್ತುಗಳಿಂದ ಬರುತ್ತದೆ. ಅವು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಕರುಳಿಗೆ ಬಿಡಿಸಿಕೊಳ್ಳಲು ಆಗಲ್ಲ. ನಾನು ನಾಲ್ಕು ತಿಂಗಳು ಹೊಟ್ಟೆಯೊಳಗೆ ಇಂಕು ಮಾಡುತ್ತಿದ್ದೆ. ಮಾತ್ರೆಯ ಬಹುಪಾಲು ಹಾಗೇ ಹೊರಗೆ ಹೋಗುತ್ತಿತ್ತು.

ಈಗ ಕೆಮಿಸ್ಟ್ರಿ ನೋಡೋಣ. ಕಬ್ಬಿಣಕ್ಕೆ ಎರಡು ರೂಪ. ಎರಡು ಎಲೆಕ್ಟ್ರಾನ್ ಕಳೆದುಕೊಂಡದ್ದು ಫೆರಸ್, ಮೂರು ಕಳೆದುಕೊಂಡದ್ದು ಫೆರಿಕ್. ತುಕ್ಕಿನಲ್ಲಿ ಇರುವುದು ಫೆರಿಕ್. ಸಸ್ಯಾಹಾರದ ಕಬ್ಬಿಣವೂ ಹೆಚ್ಚಾಗಿ ಫೆರಿಕ್ ರೂಪದಲ್ಲೇ ಇರುತ್ತದೆ. ಹೊಟ್ಟೆಯ ಆಮ್ಲದಲ್ಲಿ ಅದು ಕರಗಿರುತ್ತದೆ. ಸಣ್ಣ ಕರುಳಿಗೆ ಇಳಿದು ಆಮ್ಲ ಕಡಿಮೆಯಾದ ಕೂಡಲೇ ಗಸಿಯ ಹಾಗೆ ಕೂತುಬಿಡುತ್ತದೆ. ಕರುಳಿನ ಗೋಡೆಯ ಬಾಗಿಲು ಫೆರಸ್‌ಗೆ ಮಾತ್ರ ತೆರೆಯುತ್ತದೆ. ವಿಟಮಿನ್ ಸಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಫೆರಿಕ್‌ಗೆ ಒಂದು ಎಲೆಕ್ಟ್ರಾನ್ ಕೊಟ್ಟು ಫೆರಸ್ ಮಾಡುತ್ತದೆ, ಮೇಲಾಗಿ ಕರಗಿದ ಸ್ಥಿತಿಯಲ್ಲೇ ಹಿಡಿದಿಡುತ್ತದೆ. ಊಟಕ್ಕೆ ನಿಂಬೆ ಹಿಂಡಿಕೊಳ್ಳಿ ಅನ್ನುವ ಸಲಹೆಯ ಹಿಂದಿರುವುದು ಈ ಒಂದು ಎಲೆಕ್ಟ್ರಾನ್.

ಬಾಗಿಲು ತೆರೆಯುವುದಕ್ಕೂ ಮಿತಿ ಇದೆ. ದೊಡ್ಡವರ ದೇಹದಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಮೂರನೇ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲೇ ಇದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕಿ ಒಡೆಯುತ್ತದೆ. ಅದರ ಕಬ್ಬಿಣವನ್ನು ದೇಹ ಎಸೆಯುವುದಿಲ್ಲ. ದಿನಕ್ಕೆ 20ರಿಂದ 25 ಮಿಲಿಗ್ರಾಂ ಹೀಗೆ ವಾಪಸ್ ಬಳಕೆಗೆ ಬರುತ್ತದೆ. ಆಹಾರದಿಂದ ಹೊಸದಾಗಿ ಸೇರುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ಒಂದು ಎಂಎಲ್ ರಕ್ತ ಹೋದರೆ ಅರ್ಧ ಮಿಲಿಗ್ರಾಂ ಕಬ್ಬಿಣ ಹೋಯಿತು. ತಿಂಗಳ ಮುಟ್ಟಿನಲ್ಲಿ 40 ಎಂಎಲ್ ಹೋದರೂ 20 ಮಿಲಿಗ್ರಾಂ ಲೆಕ್ಕ. ಜಾಸ್ತಿ ಹೋಗುವವರ ಖಾತೆ ತಿಂಗಳು ತಿಂಗಳೂ ಬರಿದಾಗುತ್ತಾ ಬರುತ್ತದೆ. ಇದು ನಿಮ್ಮ ದೇಹದ ದೋಷ ಅಲ್ಲ. ಜಮೆಗಿಂತ ಖರ್ಚು ಹೆಚ್ಚಾಗಿದೆ, ಅಷ್ಟೇ.

ಇನ್ನೊಂದು ವಿಷಯ ಇದೆ. ಮಾತ್ರೆ ತಗೊಂಡ ಮೇಲೆ ಯಕೃತ್ತು ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅದು "ಸಾಕು, ಬಾಗಿಲು ಹಾಕು" ಅಂತ ಕರುಳಿಗೆ ಹೇಳಿದ ಹಾಗೆ. ಈ ಪರಿಣಾಮ ಸುಮಾರು ಒಂದು ದಿನ ಇರುತ್ತದೆ. ಅದಕ್ಕೇ ಈಗ ಕೆಲವು ಡಾಕ್ಟರ್‌ಗಳು ದಿನ ಬಿಟ್ಟು ದಿನ ಮಾತ್ರೆ ಕೊಡುತ್ತಾರೆ. ನಿಮ್ಮ ಡಾಕ್ಟರನ್ನು ಕೇಳಿ, ನೀವಾಗಿ ಬದಲಾಯಿಸಬೇಡಿ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳಿಂದ ಕಬ್ಬಿಣದ ಮಾತ್ರೆಯನ್ನು ಕನಿಷ್ಠ ಒಂದೆರಡು ಗಂಟೆ ದೂರ ಇಡಿ. ಇಷ್ಟಾದರೂ ಏರದಿದ್ದರೆ ರಕ್ತ ಎಲ್ಲಿ ಸೋರುತ್ತಿದೆ ಅಂತ ಹುಡುಕಲೇಬೇಕು. ಮುಟ್ಟಿನದ್ದಾ, ಹೊಟ್ಟೆಯ ಹುಣ್ಣಾ, ಮೂಲವ್ಯಾಧಿಯಾ? ಹೆಣ್ಣುಮಕ್ಕಳ ಸುಸ್ತನ್ನು "ಇದ್ದದ್ದೇ ಬಿಡು" ಅನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ. ದಯವಿಟ್ಟು ಯಾರು ಹಾಗಂದರೂ ಕೇಳಬೇಡಿ.

ಟೀ ಸಮಯ ಬದಲಾಯಿಸಿದ ಮೂರು ತಿಂಗಳಿಗೆ ನನಗೆ 11.4 ಬಂತು.

ಪ್ರಶ್ನೆ: ಬಿ12 ತುಂಬ ಕಡಿಮೆ ಇದೆ ಅಂತ ಬಂದಿದೆ. ಯಾವ ಸೊಪ್ಪು, ಯಾವ ಕಾಳು ತಿಂದರೆ ಏರುತ್ತದೆ?

ಯಾವುದರಿಂದಲೂ ಇಲ್ಲ. ಖಡಾಖಂಡಿತವಾಗಿ ಹೇಳುತ್ತಿದ್ದೇನೆ, ಯಾಕಂದರೆ ಸೊಪ್ಪು ತಿಂದು ಸರಿ ಮಾಡಿಕೊಳ್ಳುತ್ತೇನೆ ಅಂತ ಕಾದು ಕಾದು ಕಾಲು ಮರಗಟ್ಟಿಸಿಕೊಂಡವರನ್ನು ನೋಡಿದ್ದೇನೆ. ಈ ವಿಟಮಿನ್ನಿನ ನಟ್ಟನಡುವೆ ಕೋಬಾಲ್ಟ್ ಲೋಹದ ಒಂದು ಪರಮಾಣು ಇದೆ. ಸುತ್ತ ಎಷ್ಟು ಜಟಿಲವಾದ ಹೆಣಿಗೆ ಅಂದರೆ, ಅದರ ರಚನೆ ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್ ಅವರಿಗೆ 1964ರ ನೊಬೆಲ್ ಬಂದಾಗ ಈ ಕೆಲಸಕ್ಕೆ ಅದರಲ್ಲಿ ದೊಡ್ಡ ಪಾಲಿತ್ತು. ಅದನ್ನು ಹೆಣೆಯಲು ಬರುವುದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳಿಗೆ ಮಾತ್ರ. ಗಿಡಕ್ಕೂ ಬರಲ್ಲ, ನಮಗೂ ಬರಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ. ದಿನಕ್ಕೆ ಬೇಕಾಗಿರುವುದು 2.4 ಮೈಕ್ರೋಗ್ರಾಂ ಮಾತ್ರ. ಹಾಲು ಕುಡಿದೂ ಕಡಿಮೆ ಇದ್ದರೆ ಹೀರಿಕೊಳ್ಳುವುದರಲ್ಲಿ ತೊಂದರೆ ಇರಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್‌ಗೆ ಆಮ್ಲ ಇಳಿಸುವ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡಿದ್ದರೆ ಅದನ್ನು ಡಾಕ್ಟರ್‌ಗೆ ಹೇಳಿ. ಮಾತ್ರೆಯೋ ಇಂಜೆಕ್ಷನ್ನೋ ಅವರು ನಿರ್ಧರಿಸಲಿ. ತಡ ಮಾಡಬೇಡಿ, ನರಕ್ಕೆ ಆದ ಹಾನಿ ಎಲ್ಲ ಸಲವೂ ಪೂರ್ತಿ ವಾಪಸ್ ಬರಲ್ಲ.

ಪ್ರಶ್ನೆ: ರಕ್ತ ಆಮ್ಲೀಯ ಆಗಿರೋದೇ ಎಲ್ಲ ಕಾಯಿಲೆಗೆ ಕಾರಣ, ಪಿಎಚ್ 9 ಇರುವ ಕ್ಷಾರೀಯ ನೀರು ಕುಡಿಯಿರಿ ಅಂತ ಒಬ್ಬರು ಹೇಳಿದರು. ಯಂತ್ರ ಹಾಕಿಸಲಾ?

ಬೇಡ.

ಪಿಎಚ್ ಅಂದರೆ ಆಮ್ಲ, ಕ್ಷಾರ ಅಳೆಯುವ ಅಂಕಿ. 7 ನಡುಮಟ್ಟ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರುತ್ತದೆ. ಅಂದರೆ ಅದು ಆಗಲೇ ಸ್ವಲ್ಪ ಕ್ಷಾರೀಯ. 7ಕ್ಕೆ ಇಳಿದ ರಕ್ತ ನನ್ನ ಮೆಷಿನ್‌ನಲ್ಲಿ ಬಂದಾಗಲೆಲ್ಲ ಅದು ಐಸಿಯುನಿಂದ ಬಂದದ್ದಾಗಿರುತ್ತಿತ್ತು. ಅಂಥವರು ಓಡಾಡಿಕೊಂಡು ನೀರಿನ ಯಂತ್ರ ನೋಡಲು ಬರುವ ಸ್ಥಿತಿಯಲ್ಲಿ ಇರುವುದಿಲ್ಲ.

ನೀರಿನ ಲೆಕ್ಕ ಮಾಡೋಣ. ಹೊಟ್ಟೆಯ ರಸದ ಪಿಎಚ್ 1.5ರಿಂದ 3.5. ಪಿಎಚ್‌ನಲ್ಲಿ ಒಂದು ಮೆಟ್ಟಿಲು ಅಂದರೆ ಹತ್ತು ಪಟ್ಟು. ಬರೀ ಪಿಎಚ್ ಹಿಡಿದು ಲೆಕ್ಕ ಹಾಕಿದರೆ, ಪಿಎಚ್ 9 ಇರುವ ಒಂದು ಲೀಟರ್ ನೀರಿನ ಕ್ಷಾರವನ್ನು ಮುಗಿಸಲು ಪಿಎಚ್ 2 ಇರುವ ಹೊಟ್ಟೆಯ ರಸ 1 ಎಂಎಲ್ ಸಾಕು. ನೀರಿನಲ್ಲಿ ಬೈಕಾರ್ಬನೇಟ್ ಕರಗಿದ್ದರೆ ಅದಕ್ಕಿಂತ ಸಾಕಷ್ಟು ಹೆಚ್ಚು ಬೇಕಾಗಬಹುದು. ಹೊಟ್ಟೆ ದಿನಕ್ಕೆ ಲೀಟರುಗಟ್ಟಲೆ ರಸ ಸುರಿಸುತ್ತದೆ, ಅದಕ್ಕೆ ಇದು ಯಾವ ಲೆಕ್ಕ?

ರಕ್ತದ ಪಿಎಚ್ ಕಾಯುವುದು ಶ್ವಾಸಕೋಶ ಮತ್ತು ಮೂತ್ರಪಿಂಡ. ಇದನ್ನು ನೀವೇ ನೋಡಬಹುದು. ಉಸಿರು ಬಿಗಿ ಹಿಡಿದು ಕೂತುಕೊಳ್ಳಿ. ಅರ್ಧ ನಿಮಿಷ, ಮುಕ್ಕಾಲು ನಿಮಿಷಕ್ಕೆ ತಡೆಯಲಾರದ ಒತ್ತಡ ಬರುತ್ತದೆ ಅಲ್ವಾ? ಆಮ್ಲಜನಕ ಮುಗಿಯಿತು ಅಂತ ಅಲ್ಲ ಅದು. ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಸೇರಿ ಕಾರ್ಬಾನಿಕ್ ಆಮ್ಲವಾಗಿ ಪಿಎಚ್ ಒಂದಿಷ್ಟೇ ಇಳಿದಿರುತ್ತದೆ. ಮೆದುಳು ಅದನ್ನು ಕೂಡಲೇ ಪತ್ತೆ ಮಾಡಿ "ಉಸಿರು ಬಿಡು" ಅನ್ನುತ್ತದೆ. ನೀವು ಬಿಟ್ಟ ಒಂದೊಂದು ಉಸಿರೂ ರಕ್ತದ ಆಮ್ಲವನ್ನು ಹೊರಗೆ ಹಾಕುವ ಕೆಲಸವೇ.

ಪ್ರಶ್ನೆ: 6 ಕೆಜಿ ಇಳಿಸಿದ್ದೀನಿ. ಆ ಕೊಬ್ಬು ಎಲ್ಲಿಗೆ ಹೋಯಿತು? ಬೆವರಾಗಿ ಹೋಗುತ್ತೆ ಅಂತಾರೆ, ಶಾಖ ಆಗುತ್ತೆ ಅಂತಾರೆ.

ಅಭಿನಂದನೆ. 6 ಕೆಜಿ ಸುಮ್ನೆ ಇಳಿಯಲ್ಲ.

ವಸ್ತು ಶಾಖವಾಗಿ ಮಾಯವಾಗುವುದಿಲ್ಲ. ಶಾಖ ಬರುತ್ತದೆ, ನಿಜ. ಆದರೆ ಪರಮಾಣುಗಳು ಎಲ್ಲಾದರೂ ಹೋಗಲೇಬೇಕು. ಕೊಬ್ಬಿನಲ್ಲಿ ಇರುವುದು ಇಂಗಾಲ, ಜಲಜನಕ ಮತ್ತು ಸ್ವಲ್ಪ ಆಮ್ಲಜನಕ. ಅದು ಉರಿದಾಗ ಇಂಗಾಲವೆಲ್ಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಜಲಜನಕ ನೀರಾಗುತ್ತದೆ. 2014ರಲ್ಲಿ ರೂಬೆನ್ ಮೀರ್‌ಮನ್ ಮತ್ತು ಆಂಡ್ರೂ ಬ್ರೌನ್ ಇದರ ಪರಮಾಣು ಲೆಕ್ಕವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 10 ಕೆಜಿ ಕೊಬ್ಬು ಕರಗಿದರೆ 8.4 ಕೆಜಿ ಉಸಿರಿನಲ್ಲಿ ಹೋಗುತ್ತದೆ, 1.6 ಕೆಜಿ ನೀರಾಗುತ್ತದೆ. ನೀವು ಇಳಿಸಿದ್ದು ಪೂರ್ತಿ ಕೊಬ್ಬೇ ಅಂತ ಇಟ್ಟುಕೊಂಡರೆ 5 ಕೆಜಿ ಮೂಗಿನಿಂದ ಹೊರಗೆ ಹೋಗಿದೆ. ಹಾಗಂತ ಕೂತಲ್ಲೇ ಜೋರಾಗಿ ಉಸಿರಾಡಿದರೆ ಕೊಬ್ಬು ಕರಗಲ್ಲ, ತಲೆ ಸುತ್ತುತ್ತದೆ. ಒಳಗೆ ಉರಿದದ್ದು ಮಾತ್ರ ಉಸಿರಿಗೆ ಬರಬೇಕು. ಉರಿಸುವುದು ಸ್ನಾಯುವಿನ ಕೆಲಸ.

ಉಸಿರಾಟ ಅಂದರೆ ನಿಧಾನದ ಉರಿ ಅಂತ ಮೊದಲು ಅಳೆದು ತೋರಿಸಿದವರು ಫ್ರಾನ್ಸಿನ ವಿಜ್ಞಾನಿಗಳಾದ ಲಾವೋಸಿಯೆ ಮತ್ತು ಲಾಪ್ಲಾಸ್. 1780ರ ದಶಕದ ಶುರುವಿನಲ್ಲಿ ಗಿನಿಪಿಗ್ ಒಂದನ್ನು ಮಂಜುಗಡ್ಡೆ ಸುತ್ತುವರಿದ ಪೆಟ್ಟಿಗೆಯಲ್ಲಿ ಕೂರಿಸಿದರು. ಅದರ ಮೈಶಾಖಕ್ಕೆ ಕರಗಿ ಬಂದ ನೀರನ್ನು ತೂಗಿದರು. ಇದ್ದಿಲು ಉರಿದು ಅಷ್ಟೇ ಕಾರ್ಬನ್ ಡೈಆಕ್ಸೈಡ್ ಬಿಟ್ಟಾಗ ಎಷ್ಟು ಮಂಜು ಕರಗುತ್ತದೆ ಅಂತ ಹೋಲಿಸಿದರು. ಎರಡೂ ಹತ್ತಿರ ಹತ್ತಿರ ಬಂದವು. ದಿನಕ್ಕೆ 2000 ಕ್ಯಾಲೊರಿ ಉರಿಸುವ ಮನುಷ್ಯನ ದೇಹ ಸರಾಸರಿ 97 ವಾಟ್ ಶಾಖ ಬಿಡುತ್ತದೆ. ಹಳೇ ಕಾಲದ 100 ವಾಟಿನ ಬಲ್ಬ್ ನೆನಪಿದೆಯಲ್ಲ, ಹೆಚ್ಚುಕಡಿಮೆ ಅಷ್ಟು.

ಪ್ರಶ್ನೆ: ವಿಟಮಿನ್ ಮಾತ್ರೆ ತಗೊಂಡ ದಿನ ಮೂತ್ರ ಕಣ್ಣು ಕುಕ್ಕುವ ಹಳದಿ. ಮೂತ್ರಪಿಂಡ ಹಾಳಾಯಿತಾ?

ಗಾಬರಿ ಬೇಡ. ಅದು ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2. ಅದರ ಸಹಜ ಬಣ್ಣವೇ ಹಳದಿ. ದೇಹಕ್ಕೆ ಬೇಕಾದದ್ದು ಉಳಿದು ಮಿಕ್ಕದ್ದು ನೀರಿನ ಜೊತೆ ಹೊರಟಿತು. ಎ, ಡಿ, ಇ, ಕೆ ಹೀಗೆ ಹೋಗುವುದಿಲ್ಲ. ಅವು ಕೊಬ್ಬಿನಲ್ಲಿ ಕರಗಿ ಒಳಗೇ ಉಳಿಯುತ್ತವೆ. ಅದರಲ್ಲೂ ಎ ಮತ್ತು ಡಿ ಜಾಸ್ತಿಯಾದರೆ ವಿಷವಾಗಬಹುದು. ಅವುಗಳ ದೊಡ್ಡ ಡೋಸನ್ನು ಡಾಕ್ಟರ್ ಹೇಳದೆ ಮುಟ್ಟಬೇಡಿ.

ಪ್ರಶ್ನೆ: ನಮ್ಮ ತಾಯಿಗೆ ಸಕ್ಕರೆ ಕಾಯಿಲೆ. ವಾಂತಿ ಭೇದಿ ಆದಾಗ ಓಆರ್‌ಎಸ್ ಬದಲು ಸಕ್ಕರೆ ಬಿಟ್ಟು ಬರೀ ಉಪ್ಪುನೀರು ಕೊಟ್ಟೆವು. ಇನ್ನೂ ಜಾಸ್ತಿ ಆಯಿತು. ಯಾಕೆ?

ನೀವು ಕಾಳಜಿಯಿಂದಲೇ ಮಾಡಿದ್ದೀರಿ. ಆದರೆ ಆ ಸಕ್ಕರೆ ರುಚಿಗೆ ಹಾಕಿದ್ದಲ್ಲ, ಶಕ್ತಿಗೂ ಅಲ್ಲ. ಅದು ಬೀಗದ ಕೈ.

ಭೇದಿಯಲ್ಲಿ ಕರುಳು ನೀರನ್ನು ಹೀರಿಕೊಳ್ಳುವುದು ಬಿಟ್ಟು ಹೊರಗೆ ಸುರಿಸುತ್ತಿರುತ್ತದೆ. ನೀರು ತಾನಾಗಿ ಒಳಗೆ ಹೋಗಲ್ಲ, ಉಪ್ಪು ಹೋದ ಕಡೆ ಹೋಗುತ್ತದೆ. ಉಪ್ಪಿನ ಸೋಡಿಯಂ ಒಳಗೆ ಹೋಗುವ ಸಾಮಾನ್ಯ ದಾರಿಗಳು ಆಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದರೆ ಒಂದು ದಾರಿ ತೆರೆದೇ ಇರುತ್ತದೆ. ಅದು ಗ್ಲೂಕೋಸ್ ದಾರಿ. ಕರುಳಿನ ಗೋಡೆಯಲ್ಲಿರುವ ಒಂದು ಪ್ರೋಟೀನು ಒಂದು ಗ್ಲೂಕೋಸ್ ಅಣುವಿನ ಜೊತೆ ಎರಡು ಸೋಡಿಯಂ ಅನ್ನು ಸೇರಿಸಿ ಒಳಗೆ ದಾಟಿಸುತ್ತದೆ. ಒಂದು ಬಿಟ್ಟು ಇನ್ನೊಂದು ಬಂದರೆ ಅದು ತಿರುಗುವುದೇ ಇಲ್ಲ. ಸೋಡಿಯಂ ದಾಟಿದರೆ ಹಿಂದೆಯೇ ನೀರು ದಾಟುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಈ ಜೋಡಿ ಸಾಗಾಟವನ್ನು ಮುಂದಿಟ್ಟರು.

1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದವರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರ ಬಳಿ ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಅವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಮಾಡಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟು ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಇದನ್ನು ಹೇಳುವಾಗ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ. ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಸಕ್ಕರೆ, ಜೊತೆಗೆ ಒಂದು ಪ್ರೋಟೀನಿನ ಗುಣ ಗೊತ್ತಿದ್ದ ಒಬ್ಬ ಮನುಷ್ಯ.

ಈಗ ಸಿಗುವ ಪ್ಯಾಕೆಟ್‌ನಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಚಮಚ ಅಂಚಿನ ಮಟ್ಟಕ್ಕೇ ಇರಲಿ, ಗುಡ್ಡೆ ಬೇಡ. ಜಾಸ್ತಿ ಸಿಹಿ ಮಾಡಬೇಡಿ, ಜಾಸ್ತಿ ಸಕ್ಕರೆ ಕರುಳಿಗೆ ಇನ್ನಷ್ಟು ನೀರು ಎಳೆಯುತ್ತದೆ. ತಂಪು ಪಾನೀಯ ಕೊಟ್ಟಾಗ ಭೇದಿ ಹೆಚ್ಚುವುದು ಇದರಿಂದಲೇ. ಸಕ್ಕರೆ ಕಾಯಿಲೆ ಇದ್ದವರಿಗೂ ಭೇದಿಯಲ್ಲಿ ಓಆರ್‌ಎಸ್ ಕೊಡಬೇಕು. ಜೊತೆಗೆ ಶುಗರ್ ನೋಡುತ್ತಿರಿ, ಡಾಕ್ಟರ್‌ಗೆ ಫೋನ್ ಮಾಡಿ.

ಪ್ರಶ್ನೆ: ಚರ್ಮಕ್ಕೆ ಕೊಲಾಜೆನ್ ಪುಡಿ ಕುಡಿದರೆ ಅದು ನೇರವಾಗಿ ಮುಖಕ್ಕೆ ಹೋಗುತ್ತದಾ?

ನೇರವಾಗಿ ಎಲ್ಲಿಗೂ ಹೋಗಲ್ಲ. ಕೊಲಾಜೆನ್ ಒಂದು ಪ್ರೋಟೀನ್. ಹೊಟ್ಟೆ ಅದನ್ನು ಅಮೈನೋ ಆಮ್ಲಗಳಾಗಿ, ಎರಡು ಮೂರು ಮಣಿಗಳ ತುಂಡುಗಳಾಗಿ ಕತ್ತರಿಸುತ್ತದೆ. ಮುತ್ತಿನ ಸರವನ್ನು ಕಿತ್ತು ಡಬ್ಬಿಗೆ ಸುರಿದ ಹಾಗೆ. ಆ ಮಣಿಗಳಿಂದ ಯಾವ ಸರ ಪೋಣಿಸಬೇಕು ಅನ್ನುವುದು ದೇಹಕ್ಕೆ ಬಿಟ್ಟದ್ದು. ಪ್ರೋಟೀನ್ ಲೆಕ್ಕದಲ್ಲೂ ಅದು ಅಪೂರ್ಣ, ಟ್ರಿಪ್ಟೊಫ್ಯಾನ್ ಅನ್ನುವ ಮಣಿ ಅದರಲ್ಲಿ ಇಲ್ಲವೇ ಇಲ್ಲ.

ನಿಮ್ಮದೇ ಕೊಲಾಜೆನ್ ಗಟ್ಟಿಯಾಗಲು ಬೇಕಾದದ್ದು ವಿಟಮಿನ್ ಸಿ. ಮೂರು ಎಳೆ ಹುರಿಗೊಂಡು ಹಗ್ಗವಾಗಿ ನಿಲ್ಲಬೇಕಾದರೆ ಅದರ ಪ್ರೋಲಿನ್ ಮಣಿಗಳಿಗೆ ಆಮ್ಲಜನಕ ಮತ್ತು ಜಲಜನಕದ ಒಂದು ಕೊಂಡಿ ಸೇರಬೇಕು. ಸೇರಿಸುವ ಕಿಣ್ವದ ಒಡಲಲ್ಲಿ ಕಬ್ಬಿಣ ಇದೆ. ಆ ಕಬ್ಬಿಣವನ್ನು ಫೆರಸ್ ರೂಪದಲ್ಲಿ ಇಡುವುದು ವಿಟಮಿನ್ ಸಿ. ಟೀ ಕಥೆಯಲ್ಲಿ ಬಂದ ಅದೇ ಎಲೆಕ್ಟ್ರಾನ್ ಇಲ್ಲೂ ಬಂತು ನೋಡಿ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರಿಗೆ ವಿಟಮಿನ್ ಸಿ ಸಿಗದೆ ಸ್ಕರ್ವಿ ಅನ್ನುವ ಕಾಯಿಲೆ ಬಂದಾಗ ಎಷ್ಟೋ ವರ್ಷದ ಹಿಂದೆ ಮಾಯ್ದ ಗಾಯಗಳು ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ಹಳೆಯ ಹಗ್ಗ ಸವೆಯುತ್ತಿತ್ತು, ಹೊಸದು ನಿಲ್ಲುತ್ತಿರಲಿಲ್ಲ. 1747ರಲ್ಲಿ ಹಡಗಿನ ವೈದ್ಯ ಜೇಮ್ಸ್ ಲಿಂಡ್ 12 ನಾವಿಕರನ್ನು ಇಬ್ಬಿಬ್ಬರಂತೆ ಬೇರೆ ಮಾಡಿ ಬೇರೆ ಬೇರೆ ಚಿಕಿತ್ಸೆ ಕೊಟ್ಟಾಗ ಬೇಗ ಎದ್ದು ಕೂತವರು ಕಿತ್ತಳೆ, ನಿಂಬೆ ತಿಂದ ಇಬ್ಬರು.

ಪ್ರಶ್ನೆ: ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆ ಯಾಕೆ? ಸ್ವಲ್ಪ ತಿಂದರೆ ಏನಾಗುತ್ತೆ?

ನಾನು ದಿನಾ ನೋಡಿದ್ದನ್ನೇ ಹೇಳುತ್ತೇನೆ. ರಕ್ತ ಹೆಪ್ಪುಗಟ್ಟಿದ ಮೇಲೆ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕೆಳಗೆ ಕೂರುತ್ತದೆ. ಮೇಲೆ ಸೀರಮ್ ನಿಲ್ಲುತ್ತದೆ, ತೆಳುವಾದ ಒಣಹುಲ್ಲಿನ ಬಣ್ಣ. ಕೊಬ್ಬಿನ ಊಟ ಮಾಡಿ ಮೂರು ನಾಲ್ಕು ಗಂಟೆಗೆ ಬಂದವರದ್ದು ಕೆಲವು ಸಲ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಹಿಂದೆ ಅಕ್ಷರ ಇಟ್ಟರೆ ಓದಲು ಆಗಲ್ಲ. ಆ ಟ್ಯೂಬನ್ನು ರಾತ್ರಿ ಫ್ರಿಜ್ಜಿನಲ್ಲಿ ಇಟ್ಟು ಬೆಳಗ್ಗೆ ನೋಡಿದರೆ ಮೇಲೆ ಕೆನೆ ಕಟ್ಟಿರುತ್ತದೆ. ತಿಂದ ಕೊಬ್ಬು ರಕ್ತದಲ್ಲಿ ಸಣ್ಣ ಸಣ್ಣ ಹನಿಗಳಾಗಿ ಓಡಾಡುತ್ತಿರುವಾಗಲೇ ನಾವು ಅದನ್ನು ಹಿಡಿದಿರುತ್ತೇವೆ. ಬೆಳಕನ್ನು ಹಾಯಿಸಿ ಅಳೆಯುವ ಯಂತ್ರಕ್ಕೆ ಆ ಬಿಳುಪು ಮೋಸ ಮಾಡುತ್ತದೆ. ರಕ್ತದ ಕೊಬ್ಬಿನ ಅಂಕಿಯಾದ ಟ್ರೈಗ್ಲಿಸರೈಡ್ ಹೇಗೂ ಏರುತ್ತದೆ, ಬೇರೆ ಅಂಕಿಗಳೂ ಕೆಡಬಹುದು.

ಸಕ್ಕರೆಯದ್ದು ಇನ್ನೂ ಸೂಕ್ಷ್ಮ. ಐದು ಲೀಟರ್ ರಕ್ತದಲ್ಲಿ ಒಟ್ಟು ಇರುವ ಗ್ಲೂಕೋಸ್ 4ರಿಂದ 5 ಗ್ರಾಂ, ಒಂದು ಟೀಚಮಚ. ತಿಂದರೆ ಅದು ಕದಡುತ್ತದೆ. ರಕ್ತ ಹೊರಗೆ ಬಂದ ಮೇಲೂ ಕೆಂಪು ಕಣಗಳು ಬದುಕಿರುತ್ತವೆ, ಟ್ಯೂಬಿನ ಒಳಗೇ ಸಕ್ಕರೆ ತಿನ್ನುತ್ತವೆ. ಗಂಟೆಗೆ ನೂರಕ್ಕೆ ಸುಮಾರು 5ರಿಂದ 7 ಪಾಲಿನಷ್ಟು ಇಳಿಯುತ್ತದೆ. ಅದಕ್ಕೇ ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಇರುತ್ತದೆ, ಅದು ಕಣಗಳ ಊಟ ನಿಲ್ಲಿಸುತ್ತದೆ. ಒಮ್ಮೆ ಹೊರಗಿನಿಂದ ಬಂದ ಒಂದು ಟ್ಯೂಬು ಸಾದಾ ಮುಚ್ಚಳದ್ದಾಗಿತ್ತು. ದಾರಿಯಲ್ಲೇ ಆರು ಗಂಟೆ ಕಳೆದಿತ್ತು. ಗಮನಿಸದೆ 62 ಅಂತ ರಿಪೋರ್ಟ್ ಕೊಟ್ಟೆವು. ಆ ಹುಡುಗನ ಮನೆಯವರು ರಾತ್ರಿಯೆಲ್ಲ ಎಬ್ಬಿಸಿ ಎಬ್ಬಿಸಿ ಸಿಹಿ ತಿನ್ನಿಸಿದರಂತೆ. ಮರುದಿನ ಸರಿಯಾದ ಟ್ಯೂಬಿನಲ್ಲಿ ತೆಗೆದರೆ 91. ಅವರ ಕ್ಷಮೆ ಕೇಳಿದೆ. ಆಮೇಲೆ ಮುಚ್ಚಳದ ಬಣ್ಣ ನೋಡದೆ ಒಂದು ಟ್ಯೂಬನ್ನೂ ಮುಟ್ಟಲಿಲ್ಲ. ನೀರು ಕುಡಿಯಬಹುದು, ಕುಡಿದೇ ಬನ್ನಿ, ರಕ್ತನಾಳ ಸಿಗುತ್ತದೆ.

ಪ್ರಶ್ನೆ: ನನ್ನ ಐದು ವರ್ಷದ ಮಗಳು ಕೇಳುತ್ತಾಳೆ, "ಅನ್ನ ತುಂಬ ಹೊತ್ತು ಅಗಿದ್ರೆ ಸಿಹಿ ಯಾಕೆ ಆಗುತ್ತೆ?" ಏನು ಹೇಳಲಿ?

ಮೊದಲು ಅವಳನ್ನು ನನ್ನ ಪರವಾಗಿ ಅಪ್ಪಿಕೊಳ್ಳಿ. ದೊಡ್ಡವರು ಅಷ್ಟು ಹೊತ್ತು ಅಗಿಯುವುದೇ ಇಲ್ಲ, ಅದಕ್ಕೇ ಅವರಿಗೆ ಗೊತ್ತಾಗಲ್ಲ.

ಪಿಷ್ಟ ಅಂದರೆ ನೂರಾರು, ಸಾವಿರಾರು ಗ್ಲೂಕೋಸ್ ಮಣಿಗಳ ಉದ್ದ ಸರ. ಸರವಾಗಿದ್ದಾಗ ನಾಲಿಗೆಗೆ ಸಿಹಿ ಅನ್ನಿಸಲ್ಲ. ಎಂಜಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಕತ್ತರಿಯ ಹಾಗೆ ಅದನ್ನು ಕತ್ತರಿಸುತ್ತದೆ. ಎರಡು ಮಣಿಯ ತುಂಡಾದಾಗ ಅದು ಮಾಲ್ಟೋಸ್, ಅದಕ್ಕೆ ಸಿಹಿ ಇದೆ. ಅವಳಿಗೆ ಹೀಗೆ ಹೇಳಿ: ನಿನ್ನ ಎಂಜಲಿನಲ್ಲಿ ಪುಟ್ಟ ಪುಟ್ಟ ಕತ್ತರಿಗಳಿವೆ, ಅವು ಅನ್ನವನ್ನು ಕತ್ತರಿಸಿ ಸಕ್ಕರೆ ಮಾಡುತ್ತಿವೆ. ಆಮೇಲೆ ನೀವೂ ಪಕ್ಕದಲ್ಲಿ ಕೂತು ಒಂದು ತುತ್ತು ಬಾಯಿಗೆ ಹಾಕಿ. ನುಂಗಬೇಡಿ, ಮಾತಾಡಬೇಡಿ, ಒಂದು ನಿಮಿಷ ಅಗಿಯಿರಿ. ಸಿಹಿ ಮೊದಲು ಯಾರಿಗೆ ಗೊತ್ತಾಯಿತು ಅಂತ ನನಗೆ ಬರೆದು ತಿಳಿಸಿ.